ಪಾದಪೂಜೆಯ ನೀರು, ಟೊಮೆಟೊ ಸಸಿ

ಒಂದೂರಲ್ಲಿ ಒಬ್ಬ ಸಾಹುಕಾರ. ಯಾವೂರು ಅಂತ ಕೇಳಬೇಡಿ. ಪ್ರವಚನ ಕೇಳೋಕೆ ಕೂತ ನಿಮ್ಮಲ್ಲೇ, ಎರಡನೇ ಸಾಲಿನಲ್ಲಿ ಒಬ್ಬರು ಆಗಲೇ ತಲೆ ತಗ್ಗಿಸಿದ್ದಾರೆ. ಮನೆ ಹಿಂದಿನ ಎರಡೆಕರೆಯಲ್ಲಿ ಹಸಿರುಮನೆ ಕಟ್ಟಿಸಿ, ನೂರು ಟ್ರೇ ಟೊಮೆಟೊ ಬೀಜ ಹಾಕಿಸಿದ. ನೋಡಿಕೊಳ್ಳೋಕೆ ಸಾವಂತ್ರವ್ವ ಅನ್ನೋ ಹೆಣ್ಣುಮಗಳು. ಅದರಲ್ಲಿ ಹತ್ತು ಟ್ರೇ ಅವಳ ಸ್ವಂತ ಹೊಲಕ್ಕೆ ಅಂತ ಮಾತಾಗಿತ್ತು.

ಬೀಜ ಮೊಳೆತು ಎರಡೆರಡು ಎಲೆ ಬಿಟ್ಟವು. ಸಾಹುಕಾರನಿಗೆ ಆನಂದ. ಆನಂದ ಆದರೆ ಇವರಿಗೆ ಏನು ನೆನಪಾಗುತ್ತೆ? ಸ್ವಾಮಿಗಳು! ಒಬ್ಬ ಸ್ವಾಮಿಯನ್ನು ಕರೆಸಿದ. ಆ ಸ್ವಾಮಿ ನಾನೇ. ನಗಬೇಡಿ.

ಪಾದಪೂಜೆ ಆಯಿತು, ಹೋಳಿಗೆ ಊಟ ಆಯಿತು. ನನ್ನ ಕಾಲು ತೊಳೆದ ನೀರು, ನೋಡಿ, ಎರಡು ಕೊಡ! "ಇದನ್ನ ಸಸಿಗೆ ಹಾಕ್ರಿ, ಬೆಳಿ ದುಪ್ಪಟ್ಟು ಬರ್ತೈತಿ" ಅಂದ ಸಾಹುಕಾರ.

ಸಾವಂತ್ರವ್ವ ಅಡ್ಡ ನಿಂತಳು. "ಸಾವ್ಕಾರ್ರ, ಟ್ರೇ ಮೊದ್ಲ ಹಸಿ ಅದಾವ. ಇನ್ನಷ್ಟು ನೀರು ಬಿದ್ರ ಬುಡ ಕೊಳಿತಾವ."

"ಅಪ್ಪಾರ ಪಾದದ ನೀರಿಗೆ ಕೊಳಿತಾವೇನ? ಪಾಪ ತಟ್ಟತೈತಿ ನಿನಗ!"

"ನನಗ ತಟ್ಟಲಿ ಬಿಡ್ರಿ, ಸಸಿಗೆ ತಟ್ಟಬಾರ್ದು" ಅಂದವಳೇ ತನ್ನ ಹತ್ತು ಟ್ರೇ ಒಂದೊಂದಾಗಿ ಹೊತ್ತು ಹೊರಗೆ ನೆರಳಲ್ಲಿಟ್ಟಳು.

ನಾನೇನು ಮಾಡಿದೆ? ಕೈ ಎತ್ತಿ ಆಶೀರ್ವಾದ ಮಾಡಿದೆ. ಟೊಮೆಟೊ ಬಗ್ಗೆ ನನಗೆ ಗೊತ್ತಿದ್ದದ್ದು ಸಾರು ಒಂದೇ.

ಸಾಹುಕಾರ ಉಳಿದ ತೊಂಬತ್ತು ಟ್ರೇಗೆ ಆ ನೀರು ಹಾಕಿಸಿದ, ಆಶೀರ್ವಾದ ಸೋರಿ ಹೋಗಬಾರದು ಅಂತ ಹಸಿರುಮನೆಯ ಪಕ್ಕದ ಪರದೆಗಳನ್ನೂ ಇಳಿಸಿದ. ಗಾಳಿಯೇ ಇಲ್ಲ. ಐದನೇ ದಿನ ತೊಂಬತ್ತು ಟ್ರೇ ಸಸಿ ಸೊಂಟ ಮುರಿದುಕೊಂಡು ಮಲಗಿದವು. ನನಗೆ ಫೋನು: "ಅಪ್ಪಾರ, ಯಾರ್ದೋ ದೃಷ್ಟಿ ಆಗೇತ್ರಿ, ಮತ್ತೊಮ್ಮೆ ಬರ್ರಿ!"

ಹೋದೆ. ನೆಟ್ಟಗೆ ಸಾವಂತ್ರವ್ವನ ಹತ್ತಿರ ಹೋದೆ. ಅವಳ ಹತ್ತು ಟ್ರೇ ಹಸಿರಾಗಿ ನಿಂತಿದ್ದವು. "ಯವ್ವಾ, ತಪ್ಪು ಎಲ್ಲಾಯಿತು?" ಅಂತ ಕೇಳಿದೆ. ಅವಳು ನನ್ನ ಬೆರಳು ಹಿಡಿದು ಟ್ರೇಯೊಳಗೆ ಒತ್ತಿದಳು.

"ಹಸಿ ಐತೇನ್ರಿ? ಹಂಗಾದ್ರ ನೀರು ಬ್ಯಾಡ. ದಿನಾ ಹಿಂಗ ಮುಟ್ಟಿ ನೋಡ್ಬೇಕ್ರಿ ಅಪ್ಪಾರ. ಇದು ಬೆರಳಿನ ಕೆಲಸ, ಕಾಲಿಂದಲ್ಲ."

ನನಗೆ ನಾಚಿಕೆಯಾಯಿತು. ಸಾಹುಕಾರ ಮತ್ತೆ ಬೀಜ ಹಾಕಿಸಿದ, ಅವಳು ಹೇಳಿದಂತೆ ನಡೆದ, ನನ್ನನ್ನು ಕರೆಯಲಿಲ್ಲ. ಬೆಳೆ ಚೆನ್ನಾಗಿ ಬಂತಂತೆ.

ಈಗ ನಿಮ್ಮ ಕಥೆ. ಮಗಳ ಪುಸ್ತಕ ಒಂದು ದಿನವೂ ತೆರೆದು ನೋಡಿಲ್ಲ, ಪರೀಕ್ಷೆ ಬಂದ ಕೂಡಲೇ ಪೆನ್ನು ತಂದು ನನ್ನ ಕೈಗೆ ಮುಟ್ಟಿಸ್ತೀರಿ. ಹೆಂಡತಿ ಜೊತೆ ಮಾತಾಡಿ ತಿಂಗಳಾಯಿತು, ತಾಯತ ಕೇಳ್ತೀರಿ. ನಾಳೆ ಬೆಳಗ್ಗೆ ಮಠಕ್ಕೆ ಬರಬೇಡಿ. ಮಗಳ ಪಕ್ಕ ಕೂತು ಯಾವ ಪಾಠ ತಿಳಿದಿಲ್ಲ ಅಂತ ಕೇಳಿ. ಹೆಂಡತಿಗೆ "ಯಾಕೆ ಸಪ್ಪಗಿದ್ದೀಯ?" ಅನ್ನಿ. ಅವಳು ಗಾಬರಿ ಆಗ್ತಾಳೆ, ಆಗಲಿ. ಅವಳ ಮಾತು ಮುಗಿಯೋವರೆಗೂ ಎದ್ದು ಹೋಗಬೇಡಿ.