ಸೀಟಿಲ್ಲದ ಮೋಟಾರು

“ಗ್ಯಾಲನ್ನಿಗೆ ಎಂಟೇ ಮೈಲು, ಎರಡು ತಿಂಗಳಿಗೊಂದು ಜೋಡಿ ಟೈರು, ಹೈದರಾಬಾದ್ ಮಿಸ್ತ್ರಿಗೆ ಮುನ್ನೂರು ರೂಪಾಯಿ!” ಜಾಗೀರು ರದ್ದಾದಾಗ ಜಾಗೀರದಾರರಿಂದ ಕೊಂಡ ಮೋಟಾರಿನ ಎಂಜಿನ್ನಿಗೆ ಇನ್ನಷ್ಟು ಜೋರು ಕೊಡಿಸಿದ ಗುಂಡಣ್ಣ, ಕಮಲಾಪುರದಲ್ಲಿ ಬಸ್ಸಿಗೆ ನಿಂತು ಪುತಳಾಬಾಯಿಗೆ ಹೇಳುತ್ತಿದ್ದ.

“ಮತ್ತ ಬಸ್ಸಿಗ್ಯಾಕ ನಿಂತೀರಿ, ಕಾಕಾ?”

“ಮಹಾಗಾಂವಕ್ಕ ಹೊಂಟೀನಿ. ಮೋಟಾರ್ ಸಪ್ಪಳ ಕೇಳಿದ್ರ ವರನ ಕಡೀಯವರು ಬಾಗಿಲಾ ಹಾಕ್ಕೋತಾರವ್ವಾ.”

“ನಿಮ್ಮ ಮಗಳನ್ನ ನೋಡಾಕ ಅವರನ್ನ ಅದರಾಗೇ ಕರಕೊಂಡು ಬಂದಿದ್ರಂತ?”

“ಬಸ್ಸಿಗೆ ಅರ್ಧ ತಾಸು, ನಂದು ಹತ್ತೇ ನಿಮಿಷ!”

“ಹಿಂದ ಸೀಟೇ ಇಲ್ಲಲ್ರೀ?”

“ಹಗುರಾದ್ರ ಜೋರ್ ಓಡ್ತದಂತ ತೆಗಸೀನಿ. ಗೋಣಿಚೀಲ ಹಾಸಿದ್ದೆ.”

“ವರನ ತಾಯಿ ಏನಂದ್ರು?”

“ಇಳಿದು ವಾಂತಿ ಮಾಡಿದ್ರು. ನಮ್ಮ ಹೊಸ್ತಿಲಾ ತುಳೀದೇ ನಡಕೋತ ಹೋದ್ರು. ಈಗ ಹೋಗಿ ಮಾಫಿ ಕೇಳತೀನಿ.”

“ಬ್ಯಾಡ್ರಿ ಕಾಕಾ. ನಿನ್ನೆ ಬ್ರಹ್ಮಪುರದ ಹುಡುಗಿನ್ನ ಗಟ್ಟಿ ಮಾಡ್ಯಾರ.”

ಬಸ್ಸು ಬಂತು. ಪುತಳಾಬಾಯಿ ಹತ್ತಿದಳು, ಗುಂಡಣ್ಣ ಹತ್ತಲಿಲ್ಲ. ಮೋಟಾರಿನಿಂದ ಉಳಿದದ್ದು ಇಪ್ಪತ್ತು ನಿಮಿಷ, ಹೋದದ್ದು ಮಗಳ ಸಂಬಂಧ.