ಹೊರಸಿನ ಕೆಳಗಿನ ಕೆಂಡ

ಗಂಟು ಎತ್ತು ಅಂದ್ರ ಹಂಗ ನಿಂತು ನೋಡ್ತಿಯಲ್ಲೇ, ಅಮರಮ್ಮ! ನಿಮ್ಮಣ್ಣ ಅಂಜಯ್ಯ ಹೊರಗ ಬಂಡಿ ಕಟ್ಟ್ಯಾನ. ನಡಿ ನಿನ್ನ ತವರು ಧರೂರಿಗೆ! ನನ್ನ ಮಗನ್ನ ತಿಂದಾಕಿಗೆ ಈ ಬುಚ್ಚಮ್ಮನ ಮನ್ಯಾಗ ಒಂದು ತುತ್ತೂ ಇಲ್ಲ.

ಏನದು ದುರುಗುಟ್ಟಿ ನೋಡೋದು? ಅತ್ತಿ ಅನ್ನೋ ಅಂಜಿಕಿ ಇಲ್ಲೇನು? ಚಾವಡ್ಯಾಗ ದೇವೇಂದ್ರಪ್ಪಗೌಡ್ರ ಮುಂದ ಹೇಳೇನಿ. ಮಕ್ತಲಕ್ಕ ಬಂದ ಮಿಲ್ಟ್ರಿಯವರು ಕೇಳಿದ್ರೂ ಹೇಳ್ತೇನಿ. ನನ್ನ ಸಾಯಣ್ಣನ್ನ ಸುಟ್ಟಾಕಿ ಇವಳ, ಇವಳ!

ಹುಡುಗ ಇದ್ದಾಗಿಂದ ಮದ್ದಿನಾಗ ಕೈ ಆಡಿಸಿದವ. ಮದುವಿ ಮೆರವಣಿಗಿಗೆ ಬಿರುಸು, ಬಾಣ… ಒಂದು ಕಿಡಿ ಹಾರಿಲ್ಲ ಈ ಮನ್ಯಾಗ! ಆ ರಜಾಕಾರರು ಬಂದ್ರಲ್ಲ… ಬಂದೂಕಕ್ಕ ಮದ್ದು ಬೇಕು, ನಾಳೆ ಕೊಡದಿದ್ರ ನಿನ್ನ ಎಳಕೊಂಡು ಹೋಗ್ತೀವಿ ಅಂದ್ರಲ್ಲ… ಹೊರಗ ಜಡಿಮಳಿ. ಮದ್ದೆಲ್ಲಾ ಹಸಿ. ಸಾಯಣ್ಣ ಏನಂದ? "ಬೆಂಕಿ ಸನೇಕ ತರಬ್ಯಾಡ್ರಿ. ಹಗ್ಗದ ಹೊರಸಿನ ಮ್ಯಾಲೆ ಅರಿವಿ ಹಾಸಿ ತೆಳ್ಳಗ ಹರವೀನಿ, ಗಾಳಿಗೆ ತಾನ ಆರ್ತೈತಿ. ತಡ ಆದ್ರ ಅವರ ಕಾಲು ಹಿಡೀತೀನಿ." ಅಂದನೋ ಇಲ್ಲೋ? ಹೂ, ತಲಿ ಆಡಿಸ್ತಿ. ಮತ್ಯಾಕ ಇಟ್ಟಿ ಹೊರಸಿನ ಕೆಳಗ ಕೆಂಡ?

ಕೈ ಯಾಕ ಬಾವಿ ಕಡಿ ತೋರಿಸ್ತಿ? ಗೌಡ್ರ ಮುಂದೂ ಅದ ಆಟ. ನೀರಿಗೆ ಹೋಗಿದ್ದಳಂತ! ಸುಳ್ಳಬುರುಕಿ! ಆಮ್ಯಾಲೆ ಏನಾತು? ಮಿಲ್ಟ್ರಿ ಬಂತು, ನಿಜಾಮ ಕೈ ಎತ್ತಿದ, ಊರೆಲ್ಲಾ ಬೆಲ್ಲ ಹಂಚಿದ್ರು. ಆ ಮದ್ದು ಯಾರಿಗೂ ಬೇಕಾಗಲೇ ಇಲ್ಲ. ಸ್ವಲ್ಪ ತಡದಿದ್ರ… ನಿನಗ ಅವಸರ! ಹೊತ್ತು ಏರಾಕತ್ತಿತ್ತು, ಕುದುರಿ ಸಪ್ಪಳ ಬಂದಂಗ ಆಗ್ತಿತ್ತು… ಒಂದು ಬೋಗುಣಿ ಕೆಂಡ. ಕಿಡಿ ಹಾರಬಾರದಂತ ಬೂದಿ ಮುಚ್ಚಿ, ಅದರ ಮ್ಯಾಲೆ ಒಡದ ಹಂಚು… ಮೆತ್ತಗ ಶಾಖ ಹತ್ತಲಿ, ಮಗ ಉಳೀಲಿ ಅಂತ…

ಏನು?

ಮಗ ಅಂದೆನೇನು? ಗಂಡ! ಗಂಡ ಉಳೀಲಿ ಅಂತ ನೀ…

ಯಾಕ ಹಂಗ ನೋಡ್ತಿ? ಹಂಚಿನ ಮಾತು ಶಂಕ್ರಮ್ಮ ಹೇಳಿದ್ಲು. ಹೂ, ಪಕ್ಕದ ಮನಿ ಶಂಕ್ರಮ್ಮನ. ಮದ್ದು ಸಿಡಿದು ಖೋಲಿ ಮಾಳಗೀನ ಹಾರಿ ಹೋದ ಮ್ಯಾಲೆ ಆಕಿ ಹಂಚು ಹೆಂಗ ನೋಡಿದ್ಲು ಅಂತಿಯೇನು? ನನಗೇನು ಗೊತ್ತು! ಹೋಗಿ ಆಕೀನ್ನ ಕೇಳು!

ಬೈಯೇ… ಒಂದು ಮಾತರ ಬೈ! ಅವ ಒಳಗಿಂದ ಕೂಗಿದ್ದ. "ಇದರ ಕೆಳಗ ಕೆಂಡ ಯಾರಿಟ್ರು? ಅಮರಾ, ನೀನೇನು?" ಅಂತ. ನೀ ಎಲ್ಲಿದ್ದಿ, ಉತ್ತರ ಕೊಡಾಕ? ಬಾವ್ಯಾಗ ಇನ್ನಾ ಕೊಡ ಮುಳಗಿಸ್ತಿದ್ದಿ… ಅವ ಬೋಗುಣಿ ಎಳಿಯಾಕ ಬಗ್ಗಿದ. ಬೈತಾನಂತ… ಬೈತಾನಂತ ನಾ ಒಲಿ ಮುಂದ ಸುಮ್ಮನ ಕುಂತಿದ್ದೆ.