ಗಿಳಿ ಸಾಕಿದ್ದರೆ ಆಗುತ್ತಿತ್ತು

ಔಷಧಿ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಅಕ್ಕ, ತಮ್ಮ ನಿಂತಿದ್ದರು. ತಮ್ಮ ಬಸ್ ಡ್ರೈವರ್ ಎಂದು ಮಾತಿನಿಂದ ತಿಳಿಯಿತು. ಕದ್ದು ಕೇಳುವುದು ತಪ್ಪು ನಿಜ, ಆದರೆ ಸಾಲು ಬಿಟ್ಟು ಎಲ್ಲಿಗೆ ಹೋಗಲಿ?

“ಐವತ್ತು ನಿಮಿಷ ಕೂತು ಬಂದ್ಯಲ್ಲ, ಆ ಕೌನ್ಸೆಲರಮ್ಮ ಏನು ಮಾಡು ಅಂದ್ರು?”

“ಏನೂ ಅನ್ನಲಿಲ್ಲ ಅಕ್ಕ. ನಾನು ಹೇಳಿದ್ದು ಕೇಳಿಸ್ಕೊಂಡ್ರು.”

“ಮತ್ತೆ ಬಸ್ ಓಡಿಸ್ಬೇಕೋ ಬೇಡ್ವೋ, ಅದನ್ನಾದ್ರೂ ಕೇಳಿದ್ಯಾ?”

“ಕೇಳ್ದೆ. ‘ಸ್ಟೀರಿಂಗ್ ಮುಟ್ಟೋಕೇ ಭಯ ಆಗ್ತಿದೆ ನಿಮಗೆ’ ಅಂದ್ರು.”

“ಅದು ನೀನೇ ಹೇಳಿದ್ದಲ್ವೇನೋ! ನಿನ್ನ ಮಾತನ್ನೇ ನಿನಗೆ ಒಪ್ಪಿಸೋಕೆ ಅಷ್ಟು ಓದ್ಬೇಕಿತ್ತಾ? ಒಂದು ಗಿಳಿ ಸಾಕಿದ್ರೆ ಆಗ್ತಿತ್ತು.”

“ಗಿಳಿ ಮಧ್ಯೆ ಬಾಯಿ ಹಾಕುತ್ತೆ. ಅವರು ಹಾಕಲ್ಲ.”

“ನನಗೇ ಹೇಳ್ತಿದೀಯಾ? ಕೊಡು ಫೋನು, ಗುರುವಾರ ಬರಲ್ಲ ಅಂತ ನಾನೇ ಹೇಳ್ತೀನಿ.”

“ಬೇಡ. ಆ ಅಜ್ಜ ನನ್ನ ಬಸ್ಸಿಗೆ ಸಿಕ್ಕಿ ಸತ್ತ ದಿನದ್ದು ಇನ್ನೂ ಹೇಳಿಲ್ಲ.”

“ನಿನ್ನ ತಪ್ಪಿಲ್ಲ ಅಂತ ಪೊಲೀಸರೇ ಬರ್ಕೊಟ್ಟಿದಾರೆ. ನಾನೂ ನೂರು ಸಲ ಹೇಳಿದೀನಿ!”

“ಅದಕ್ಕೇ ಅಕ್ಕ, ನಿನ್ನ ಹತ್ರ ಹೇಳೋಕಾಗ್ತಿಲ್ಲ.”

ಅಂಗಡಿಯವನು ಕರೆದ. ಅಕ್ಕ ಮಾತ್ರೆ ತೆಗೆದುಕೊಂಡಳು. ಮೆಟ್ಟಿಲಿಳಿಯುವಾಗ, “ಗುರುವಾರ ಎಷ್ಟು ಗಂಟೆಗೆ ಹೋಗಿ ಸಾಯ್ಬೇಕು ಅಲ್ಲಿಗೆ? ನಾನು ಹೊರಗೇ ಕೂತಿರ್ತೀನಿ,” ಎಂದು ಸಿಡುಕಿದಳು.